ಚಂದ್ರೋದಯದ ಲೆಕ್ಕ ಬೆಳೆದುಬಂದ ದಾರಿ

ಸಂಕಷ್ಟಿಯ ದಿನ ಕ್ಯಾಲೆಂಡರಿನಲ್ಲಿ ಚಂದ್ರೋದಯದ ಗಂಟೆ, ನಿಮಿಷ ಅಚ್ಚಾಗಿರುತ್ತದೆ. ಉಪವಾಸವಿರುವವರು ಅದನ್ನೇ ನಂಬಿ ಪೂಜೆಗೆ ಅಣಿಮಾಡಿಕೊಳ್ಳುತ್ತಾರೆ. ಆ ಪುಟ್ಟ ಸಂಖ್ಯೆಯ ಹಿಂದೆ ಎರಡು ಸಾವಿರ ವರ್ಷಗಳಿಗೂ ಮಿಕ್ಕಿದ ದುಡಿಮೆ ಇದೆ. ಬರಿಗಣ್ಣಿಗೆ ಕಾಣುವ ಆಕಾಶಕಾಯಗಳಲ್ಲಿ ಗಣಿತಜ್ಞರನ್ನು ಚಂದ್ರನಷ್ಟು ಕಾಡಿದ್ದು ಮತ್ತೊಂದಿಲ್ಲ.

ಮೇಲುಮೇಲಿನ ಲೆಕ್ಕ ಸುಲಭ. ಅಮಾವಾಸ್ಯೆಯಂದು ಸೂರ್ಯನ ಜೊತೆಗೇ ಹುಟ್ಟಿ ಜೊತೆಗೇ ಮುಳುಗುವ ಚಂದ್ರ, ಶುಕ್ಲ ಅಷ್ಟಮಿಯ ಹೊತ್ತಿಗೆ ನಡುಹಗಲಲ್ಲಿ ಹುಟ್ಟಿ ನಡುರಾತ್ರಿ ಮುಳುಗುತ್ತಾನೆ. ಹುಣ್ಣಿಮೆಗೆ ಅವನು ಮೂಡುವುದು ಸೂರ್ಯ ಮುಳುಗುವಾಗ, ಕೃಷ್ಣ ಅಷ್ಟಮಿಗೆ ನಡುರಾತ್ರಿ. ದಿನಕ್ಕೆ ಸರಾಸರಿ 50 ನಿಮಿಷದಂತೆ ತಡವಾಗುತ್ತಾ ಹೋಗುವುದರಿಂದ ತಿಂಗಳಲ್ಲಿ ಒಂದು ತಾರೀಖಿಗೆ ಚಂದ್ರೋದಯವೇ ಇರುವುದಿಲ್ಲ. ಹಿಂದಿನ ರಾತ್ರಿ ಹನ್ನೆರಡಕ್ಕೆ ತುಸು ಮೊದಲು ಹುಟ್ಟಿದವನು ಮತ್ತೆ ಹುಟ್ಟುವಾಗ ಹನ್ನೆರಡು ದಾಟಿ ಮುಂದಿನ ತಾರೀಖು ಬಂದಿರುತ್ತದೆ. ಶುಕ್ಲ ಅಷ್ಟಮಿಯ ಆಸುಪಾಸಿನಲ್ಲಿ ಇದೇ ರೀತಿ ಚಂದ್ರಾಸ್ತವಿಲ್ಲದ ದಿನವೂ ಬರುತ್ತದೆ.

ನಮ್ಮ ನಾಡಿನ ಮೊದಲ ಲಿಖಿತ ಲೆಕ್ಕ ವೇದಾಂಗ ಜ್ಯೋತಿಷದ್ದು. ಐದು ವರ್ಷಗಳ ಒಂದು ಯುಗ, ಅದಕ್ಕೆ 1,830 ದಿನ, 62 ಚಾಂದ್ರಮಾಸ. ಈ ಲೆಕ್ಕವನ್ನು ಹಾಗೇ ನಡೆಸಿದರೆ ಐದು ವರ್ಷಕ್ಕೆ ಸುಮಾರು ಒಂದು ದಿನ ತಪ್ಪುತ್ತದೆ. ಕ್ರಿ.ಶ. 499ರ ಆರ್ಯಭಟನ ಕಾಲಕ್ಕೆ ಚಿತ್ರವೇ ಬದಲಾಗಿತ್ತು. ಅವನ ಸಂಖ್ಯೆಗಳಿಂದ ಬರುವ ಚಾಂದ್ರಮಾಸ 29.53058 ದಿನ, ಇಂದಿನ ಅಳತೆಗೂ ಇದಕ್ಕೂ ಇರುವ ಅಂತರ ಒಂದು ಸೆಕೆಂಡಿಗಿಂತ ಕಡಿಮೆ. ದೂರದರ್ಶಕವಿಲ್ಲದ ಕಾಲದಲ್ಲಿ ಇದು ಸಾಧ್ಯವಾದದ್ದು ತಲೆಮಾರುಗಳ ಗ್ರಹಣ ವೀಕ್ಷಣೆಯಿಂದ.

ಆದರೆ ಸರಾಸರಿ ತಿಂಗಳು ಗೊತ್ತಾದ ಮಾತ್ರಕ್ಕೆ ಇಂದು ಚಂದ್ರ ಎಲ್ಲಿದ್ದಾನೆಂದು ಗೊತ್ತಾಗದು. ಭೂಮಿಗೆ ಹತ್ತಿರವಿದ್ದಾಗ ಅವನು ದಿನಕ್ಕೆ 15 ಡಿಗ್ರಿಗೂ ಹೆಚ್ಚು ಓಡುತ್ತಾನೆ, ದೂರವಿದ್ದಾಗ 12 ಡಿಗ್ರಿಯೂ ಸಾಗುವುದಿಲ್ಲ. ಇದಕ್ಕಾಗಿ ಸಿದ್ಧಾಂತಕಾರರು ಮಂದಫಲವೆಂಬ ತಿದ್ದುಪಡಿ ಕೊಟ್ಟರು, ಹೆಚ್ಚೆಂದರೆ 5 ಡಿಗ್ರಿ. ಗ್ರಹಣಗಳಿಗೆ ಅದು ಚೆನ್ನಾಗಿಯೇ ಹೊಂದಿತು. ಎಡವಟ್ಟು ಇದ್ದದ್ದು ಅಲ್ಲೇ. ಗ್ರಹಣವಾಗುವುದು ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಮಾತ್ರ. ಸೂರ್ಯನ ಸೆಳೆತದಿಂದ ಬರುವ ಮತ್ತೊಂದು ಏರುಪೇರು ಆ ಎರಡು ದಿನಗಳಲ್ಲಿ ಮಂದಫಲವನ್ನು ತಗ್ಗಿಸುತ್ತದೆ, ಅಷ್ಟಮಿಗಳಲ್ಲಿ ಹಿಗ್ಗಿಸುತ್ತದೆ. ಅಲ್ಲಿ ಒಟ್ಟು ತಿದ್ದುಪಡಿ ಏಳೂವರೆ ಡಿಗ್ರಿವರೆಗೂ ಹೋಗಬಲ್ಲದು. ಬಿಟ್ಟುಹೋದ ಎರಡೂವರೆ ಡಿಗ್ರಿ ಚಂದ್ರೋದಯದಲ್ಲಿ ಹತ್ತು ನಿಮಿಷದಷ್ಟೇ ಆದರೂ ತಿಥಿಯ ಲೆಕ್ಕದಲ್ಲಿ ಹತ್ತಿರಹತ್ತಿರ ಐದು ಗಂಟೆ!

ಹಳೆಯ ಪಂಚಾಂಗದವರ ‘ಬಾಣವೃದ್ಧಿ ರಸಕ್ಷಯ’ ನಿಯಮ ಹುಟ್ಟಿದ್ದು ಇದರಿಂದಲೇ. ಅದರ ಪ್ರಕಾರ ತಿಥಿ 54 ಘಳಿಗೆಗಿಂತ ಕುಗ್ಗುವಂತಿಲ್ಲ, 65ಕ್ಕಿಂತ ಹಿಗ್ಗುವಂತಿಲ್ಲ. ಆಕಾಶದ ತಿಥಿಯಾದರೋ ಸುಮಾರು 50ರಿಂದ 67 ಘಳಿಗೆವರೆಗೆ ಆಡುತ್ತದೆ. ಏಕಾದಶಿ ಒಂದು ಮಠಕ್ಕೆ ಇಂದು, ಇನ್ನೊಂದಕ್ಕೆ ನಾಳೆ ಬೀಳಲು ಈ ವ್ಯತ್ಯಾಸವೂ ಒಂದು ಕಾರಣ.

ಅಲೆಕ್ಸಾಂಡ್ರಿಯಾದ ಟಾಲೆಮಿ ಎರಡನೆಯ ಶತಮಾನದಲ್ಲೇ ಈ ಏರುಪೇರನ್ನು ಲೆಕ್ಕಕ್ಕೆ ತಂದಿದ್ದ. ಇಲ್ಲಿ ಮಂಜುಲನ ‘ಲಘುಮಾನಸ’ 932ರಲ್ಲಿ ಅದಕ್ಕೆ ತಿದ್ದುಪಡಿ ಕೊಟ್ಟಿತು. ಆದರೂ ನಿತ್ಯದ ಪಂಚಾಂಗ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ನನ್ನ ಮಟ್ಟಿಗೆ ಇದು ನಮ್ಮ ಜ್ಯೋತಿರ್ಗಣಿತದ ಅತಿ ದೊಡ್ಡ ನಷ್ಟ: ಉತ್ತರ ಕೈಯಲ್ಲಿತ್ತು, ಅಷ್ಟಮಿಯ ಚಂದ್ರನನ್ನು ಅಳೆದು ನೋಡುವ ಅಭ್ಯಾಸ ಇರಲಿಲ್ಲ. ಒಡಿಶಾದ ಸಾಮಂತ ಚಂದ್ರಶೇಖರರು (1835–1904) ಬಿದಿರು, ಮರದ ಸಾಧನಗಳಿಂದಲೇ ಅಳೆದು, ಇದನ್ನೂ ಇನ್ನೆರಡು ಏರುಪೇರುಗಳನ್ನೂ ಸ್ವಂತವಾಗಿ ಗುರುತಿಸಿ ‘ಸಿದ್ಧಾಂತ ದರ್ಪಣ’ದಲ್ಲಿ ಬರೆದರು. ಅವರ ಹೆಸರು ನಮ್ಮ ಶಾಲಾ ಪುಸ್ತಕಗಳಲ್ಲಿ ಇನ್ನೂ ದೊಡ್ಡದಾಗಿ ಬರಬೇಕು.

ಕೇರಳದವರ ದಾರಿ ಬೇರೆ. 248 ದಿನಗಳಲ್ಲಿ ಚಂದ್ರ ಒಂಬತ್ತು ಬಾರಿ ಭೂಮಿಗೆ ಹತ್ತಿರ ಬಂದುಹೋಗುತ್ತಾನೆ ಎಂಬುದನ್ನು ಹಿಡಿದು, ದಿನಕ್ಕೊಂದರಂತೆ 248 ವಾಕ್ಯಗಳನ್ನು ಕಟಪಯಾದಿ ಅಕ್ಷರಸಂಖ್ಯೆಯಲ್ಲಿ ಹೆಣೆದರು. ಬಾಯಿಪಾಠ ಇದ್ದವನಿಗೆ ಕೋಷ್ಟಕವೇ ಬೇಡ. ಸಂಗಮಗ್ರಾಮದ ಮಾಧವ ಆ ವಾಕ್ಯಗಳನ್ನು ವಿಕಲೆಯ ಮಟ್ಟಕ್ಕೆ ಸೂಕ್ಷ್ಮಗೊಳಿಸಿದ. ಪರಮೇಶ್ವರ ಐವತ್ತೈದು ವರ್ಷ ಗ್ರಹಣಗಳನ್ನು ನೋಡಿ 1431ರಲ್ಲಿ ‘ದೃಗ್ಗಣಿತ’ ಬರೆದ. ಕನ್ನಡದಲ್ಲೂ ಈ ಕೆಲಸ ನಡೆದಿದೆ. ಶೃಂಗೇರಿಯ ಶಂಕರನಾರಾಯಣ ಜೋಯಿಸರು 1604ರಲ್ಲಿ ಬರೆದ ‘ಗಣಿತಗನ್ನಡಿ’ ಪಂಚಾಂಗ, ಗ್ರಹಣಗಳ ಗಣಿತವನ್ನು ಕನ್ನಡದಲ್ಲೇ ವಿವರಿಸುತ್ತದೆ. ಉತ್ತರ ಕರ್ನಾಟಕದಲ್ಲಿ ಗಣೇಶ ದೈವಜ್ಞನ 1520ರ ‘ಗ್ರಹಲಾಘವ’ ಬಳಕೆಯಲ್ಲಿತ್ತು.

ಯೂರೋಪಿನಲ್ಲಿ 1687ರ ಹೊತ್ತಿಗೆ ನ್ಯೂಟನ್ ಈ ಏರುಪೇರುಗಳಿಗೆ ಗುರುತ್ವವೇ ಕಾರಣವೆಂದು ತೋರಿಸಿದ. ಹಡಗಿನವರಿಗೆ ರೇಖಾಂಶ ಬೇಕಿದ್ದರಿಂದ ಅಲ್ಲಿ ಈ ಗಣಿತಕ್ಕೆ ಹಣವೂ ಹರಿಯಿತು. 1919ರ ಬ್ರೌನ್ ಕೋಷ್ಟಕಗಳಲ್ಲಿ ಸುಮಾರು 1,500 ತಿದ್ದುಪಡಿಗಳಿದ್ದವು. 1969ರಿಂದ ಚಂದ್ರನ ಮೇಲಿನ ಪ್ರತಿಫಲಕಗಳಿಗೆ ಲೇಸರ್ ಹಾಯಿಸಿ ದೂರವನ್ನು ಸೆಂಟಿಮೀಟರುಗಳಲ್ಲಿ ಅಳೆಯುತ್ತಿದ್ದಾರೆ. ಚಂದ್ರ ವರ್ಷಕ್ಕೆ 3.8 ಸೆಂ.ಮೀ. ದೂರ ಸರಿಯುತ್ತಿರುವುದು ಹೀಗೆಯೇ ಖಚಿತವಾಯಿತು.

ಸ್ವತಂತ್ರ ಭಾರತದಲ್ಲಿ 1952ರಲ್ಲಿ ಮೇಘನಾದ ಸಾಹಾ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ ರಚನೆಯಾಯಿತು. ಅದರ ಶಿಫಾರಸಿನಂತೆ 1957ರಿಂದ ರಾಷ್ಟ್ರೀಯ ಪಂಚಾಂಗ ಹೊರಬರುತ್ತಿದೆ, ಈಗ ಕೋಲ್ಕತ್ತದ ಪೊಸಿಷನಲ್ ಅಸ್ಟ್ರಾನಮಿ ಸೆಂಟರಿನಿಂದ.

ಇಂದು ಚಂದ್ರನ ಸ್ಥಾನದಲ್ಲಿ ಅನುಮಾನವಿಲ್ಲ. ಚಂದ್ರೋದಯದ ಹೊತ್ತು ಬದಲಾಗುವುದು ನೋಡುವವರ ಊರಿನಿಂದ. ಬೆಂಗಳೂರಿಗೂ ಬೆಳಗಾವಿಗೂ ರೇಖಾಂಶ ಒಂದರಿಂದಲೇ ಸುಮಾರು 12 ನಿಮಿಷ ವ್ಯತ್ಯಾಸ. ಪೂರ್ವಕ್ಕೆ ಗುಡ್ಡವಿದ್ದರೆ ಇನ್ನೂ ತಡ. ಹೀಗಿದ್ದೂ ಎಷ್ಟೋ ಕ್ಯಾಲೆಂಡರುಗಳು ಇಡೀ ರಾಜ್ಯಕ್ಕೆ ಒಂದೇ ಚಂದ್ರೋದಯ ಅಚ್ಚುಹಾಕುತ್ತವೆ. ಯಾವ ಊರಿಗೆ, ಯಾವ ಗಣಿತದಿಂದ ತೆಗೆದ ಸಮಯವೆಂದು ಪ್ರಕಾಶಕರು ಮೊದಲ ಪುಟದಲ್ಲೇ ತಿಳಿಸಲಿ. ಓದುಗರೂ ಅದನ್ನು ಕೇಳಿ ಪಡೆಯಲಿ.