ಮಿತಾಹಾರದ ಎರಡು ಲಕ್ಷಣಗಳು

1924ರಲ್ಲಿ ಸ್ವಾಮಿ ಕುವಲಯಾನಂದರು ಲೋಣಾವಳಾದಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿ, ಯೋಗಕ್ರಿಯೆಗಳನ್ನು ಪ್ರಯೋಗಶಾಲೆಯ ಪರೀಕ್ಷೆಗೆ ಒಡ್ಡಿದರು. ಆ ಸಂಸ್ಥೆಯೇ 1970ರಲ್ಲಿ ಪರಿಷ್ಕರಿಸಿ ಹೊರತಂದ ‘ಹಠಪ್ರದೀಪಿಕೆ’ಯು ಮಿತಾಹಾರಕ್ಕೆ ಉದರದ ಕಾಲುಭಾಗ ಬರಿದಾಗಿರಬೇಕೆಂದೂ, ಉಣ್ಣುವುದು ಶಿವಪ್ರೀತಿಗಾಗಿ ಎಂಬ ಭಾವವಿರಬೇಕೆಂದೂ ವಿಧಿಸುತ್ತದೆ. ಮೊದಲನೆಯದು ಅಳತೆಯ ಮಾತು; ಎರಡನೆಯದು ಮನಸ್ಸಿನದು.

ಅಳತೆಯ ಮಾತನ್ನು ವಿಜ್ಞಾನವು ಬೇಗನೆ ಕೈಗೆತ್ತಿಕೊಂಡಿತು. 1935ರಲ್ಲಿ ಅಮೆರಿಕದ ಮೆಕೇ ಮತ್ತು ಸಂಗಡಿಗರು, ಆಹಾರವನ್ನು ಮಿತಗೊಳಿಸಿದ ಇಲಿಗಳು ದೀರ್ಘಕಾಲ ಬದುಕುವುದನ್ನು ವರದಿಮಾಡಿದರು. ಮುಂದೆ ಹಣ್ಣುನೊಣಗಳಲ್ಲಿಯೂ ಅದೇ ಫಲ ಕಂಡಿತು. ಆದರೆ 2007ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಮಿತವಾಗಿ ಉಂಡ ನೊಣಗಳಿಗೆ ಯೀಸ್ಟಿನ ವಾಸನೆ ತಾಕಿದ ಮಾತ್ರಕ್ಕೇ, ಅವು ಗಳಿಸಿದ್ದ ಆಯುಸ್ಸಿನ ಒಂದಂಶ ಕಳೆಯಿತು. ಉಣ್ಣದ ಅನ್ನವೂ ಲೆಕ್ಕಕ್ಕೆ ಬಂದಿತು!

ನೊಣದ ನಿಯಮವನ್ನು ಮನುಷ್ಯನಿಗೆ ಹಾಗೆಯೇ ಅನ್ವಯಿಸಲಾಗದು, ನಿಜ. ಆದರೂ ಮಿತಾಹಾರವನ್ನು ತಕ್ಕಡಿಯೊಂದರಿಂದಲೇ ಅಳೆಯುವುದು ಸಾಲದೆಂಬುದು ಇದರಿಂದ ಸ್ಪಷ್ಟ.