ಎಂಜಿನ್ನಿಗೂ ಒಂದು ಕೋಡಿ ಇರುತ್ತೆ

ಇವತ್ತಿನ ಸಂಚಿಕೆ ಶುರುವಾಗೋದು ಹಾಸನ ಜಿಲ್ಲೆಯ ಒಂದು ಗ್ಯಾರೇಜಿನಲ್ಲಿ, ಒಂದು ಹತ್ತನೇ ನಂಬರ್ ಸ್ಪ್ಯಾನರಿನಿಂದ.

ನಮ್ಮ ಚಿಕ್ಕಪ್ಪನ ಹತ್ರ ಹಳೇ ಟರ್ಬೊ ಡೀಸೆಲ್ ಕಾರಿದೆ. ಬಾಡಿಗೆಗೆ ಓಡುತ್ತೆ, ಮನೆ ನಡೆಯೋದೂ ಅದರಿಂದಲೇ. ಎರಡು ವರ್ಷದ ಹಿಂದೆ ಅದರ ಪಿಕಪ್ ಕಡಿಮೆಯಾಯ್ತು. ಮೆಕ್ಯಾನಿಕ್ ಬಾನೆಟ್ ಎತ್ತಿ, ಟರ್ಬೊ ಪಕ್ಕದ ಸಣ್ಣ ರಾಡ್ ತೋರಿಸಿ, "ಇದನ್ನ ಮೂರು ಸುತ್ತು ಟೈಟ್ ಮಾಡಿದ್ರೆ ಗಾಡಿ ಹಾರುತ್ತೆ ಸಾರ್" ಅಂದ. ಮಾಡಿಸಿದ್ರು. ಹಾರಿತು ಕೂಡ, ಹನ್ನೆರಡು ದಿನ. ಹದಿಮೂರನೇ ದಿನ ಶಿರಾಡಿ ಘಾಟಿಯಲ್ಲಿ, ಗುಂಡ್ಯ ದಾಟಿ ಮೇಲೇರುವಾಗ ಸಿಳ್ಳೆ ಹೊಡೆದ ಹಾಗೆ ಶಬ್ದ, ಹಿಂದೆ ದಟ್ಟ ಹೊಗೆ. ಟರ್ಬೊ ಹೋಗಿತ್ತು. ಬಿಲ್ಲು 30 ಸಾವಿರ ರೂಪಾಯಿ. ಚಿಕ್ಕಪ್ಪ ನನಗೆ ಫೋನ್ ಮಾಡಿ, "ಲೋ, ನೀನು ಬಿ.ಕಾಂ. ಓದಿದೋನು. ಒಂದು ಸುತ್ತು ತಿರುಗಿಸಿದ್ದಕ್ಕೆ ಹತ್ತು ಸಾವಿರ ಆಯ್ತಲ್ಲೋ, ಯಾಕೆ ಅಂತ ಹೇಳು" ಅಂದ್ರು.

ನಂಗೆ ಗೊತ್ತಿರಲಿಲ್ಲ. ಹುಡುಕ್ತಾ ಹೋದೆ. ಹುಡುಕಾಟ ನೂರು ವರ್ಷಕ್ಕಿಂತ ಹಿಂದಕ್ಕೆ ಕರ್ಕೊಂಡು ಹೋಯ್ತು.

ಮೊದಲು ಆ ರಾಡ್ ಏನು ಅಂತ ನೋಡೋಣ. ಎಂಜಿನ್ ಹೊರಗೆ ಬಿಡೋ ಬಿಸಿ ಹೊಗೆ ಟರ್ಬೊದ ಒಂದು ಚಕ್ರವನ್ನ ತಿರುಗಿಸುತ್ತೆ. ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಗಾಳಿಯನ್ನ ಎಂಜಿನ್ ಒಳಗೆ ಒತ್ತುತ್ತೆ. ಹೆಚ್ಚು ಗಾಳಿ ಬಂದ್ರೆ ಹೆಚ್ಚು ಡೀಸೆಲ್ ಸುಡಬಹುದು, ಆಗ ಹೊಗೆಯ ರಭಸ ಹೆಚ್ಚು, ಚಕ್ರ ಇನ್ನೂ ಜೋರು, ಗಾಳಿ ಇನ್ನೂ ಜಾಸ್ತಿ. ಚಕ್ರಬಡ್ಡಿ ಥರ. ಎಲ್ಲೋ ಒಂದು ಕಡೆ ತಡೀಲೇಬೇಕು. ಅದಕ್ಕೆ ಇರೋದು ವೇಸ್ಟ್‌ಗೇಟ್. ಒತ್ತಡ ಮಿತಿ ಮುಟ್ಟಿದಾಗ ಈ ಪುಟ್ಟ ಬಾಗಿಲು ತೆರೆದು, ಒಂದಿಷ್ಟು ಹೊಗೆಯನ್ನ ಚಕ್ರಕ್ಕೆ ತಾಗಿಸದೆ ಸೀದಾ ಸೈಲೆನ್ಸರಿಗೆ ಕಳಿಸುತ್ತೆ. ನಮ್ಮ ಕೆರೆಗಳ ಕೋಡಿ ಇದ್ದ ಹಾಗೆ. ಕೋಡಿಗೆ ನೀರಾವರಿ ಇಲಾಖೆಯ ಇಂಗ್ಲಿಷ್ ಹೆಸರೂ 'ವೇಸ್ಟ್ ವಿಯರ್' ಅಂತಲೇ! ರಾಡ್ ಟೈಟ್ ಮಾಡೋದು ಅಂದ್ರೆ ಕೋಡಿಗೆ ಮರಳಿನ ಮೂಟೆ ಪೇರಿಸೋದು. ಕೆರೆಯಲ್ಲಿ ನೀರು ಹೆಚ್ಚು ನಿಲ್ಲುತ್ತೆ, ನಿಜ. ಏರಿ ತಡ್ಕೊಳ್ಳುತ್ತಾ ಅನ್ನೋದು ಬೇರೆ ಪ್ರಶ್ನೆ.

ಟರ್ಬೊ ಕಲ್ಪನೆಗೆ 1905ರಲ್ಲಿ ಪೇಟೆಂಟ್ ಪಡೆದವರು ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ. ಅದು ಕೆಲಸಕ್ಕೆ ಬರೋಕೆ ಇಪ್ಪತ್ತು ವರ್ಷ ಹಿಡೀತು. 1920ರ ದಶಕದಲ್ಲಿ ಜರ್ಮನಿಯ 'ಪ್ರೊಯ್ಸೆನ್' ಮತ್ತು 'ಹಾನ್ಸೆಸ್ಟಾಟ್ ಡಾನ್ಜಿಗ್' ಅನ್ನೋ ಎರಡು ಪ್ರಯಾಣಿಕ ಹಡಗುಗಳ ಡೀಸೆಲ್ ಎಂಜಿನ್ನುಗಳ ಶಕ್ತಿ ಇದರಿಂದ 1,750ರಿಂದ 2,500 ಅಶ್ವಶಕ್ತಿಗೆ ಏರಿತು. ಹಡಗಿನ ಎಂಜಿನ್ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಓಡುತ್ತೆ, ಹಾಗಾಗಿ ಅಲ್ಲಿ ಕೋಡಿಯ ತಲೆನೋವು ಅಷ್ಟಿಲ್ಲ.

ತಲೆನೋವು ಬಂದಿದ್ದು ವಿಮಾನದಲ್ಲಿ. 1918ರಲ್ಲಿ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಸ್ಯಾನ್‌ಫರ್ಡ್ ಮಾಸ್, ಒಂದು ವಿಮಾನದ ಎಂಜಿನ್ನನ್ನ ಕೊಲೊರಾಡೊದ ಪೈಕ್ಸ್ ಪೀಕ್ ಬೆಟ್ಟದ ತುದಿಗೆ, ಸುಮಾರು 4,300 ಮೀಟರ್ ಎತ್ತರಕ್ಕೆ ಹೊತ್ತೊಯ್ದು ಟರ್ಬೊ ಪರೀಕ್ಷೆ ಮಾಡಿದರು. ತೆಳು ಗಾಳಿಯಲ್ಲೂ ಎಂಜಿನ್ ಶಕ್ತಿ ಕಳ್ಕೊಳ್ಳಲಿಲ್ಲ. ಆದ್ರೆ ಮೇಲೆ ಬೇಕಾದಷ್ಟು ಒತ್ತಡವನ್ನ ನೆಲದ ಹತ್ರ ಕೊಟ್ರೆ ಎಂಜಿನ್ನೇ ಒಡೆದುಹೋಗುತ್ತೆ. ಅದಕ್ಕೆ ಕೆಳಗಿದ್ದಾಗ ಗೇಟ್ ತೆರೆದಿರಬೇಕು, ಏರ್ತಾ ಏರ್ತಾ ಮುಚ್ಕೋಬೇಕು. ಎರಡನೇ ಮಹಾಯುದ್ಧದ ಬಿ-17 ಬಾಂಬರುಗಳಲ್ಲಿ ಈ ಗೇಟನ್ನ ಮೊದಲು ಎಣ್ಣೆಯ ಒತ್ತಡದಿಂದ ನಿಯಂತ್ರಿಸ್ತಿದ್ರು. ಆಕಾಶದ ಚಳಿಗೆ ಎಣ್ಣೆ ಗಟ್ಟಿಯಾಗಿ ಗೇಟ್ ಮಾತು ಕೇಳ್ತಿರಲಿಲ್ಲ. ಆಮೇಲೆ ಎಲೆಕ್ಟ್ರಾನಿಕ್ ವ್ಯವಸ್ಥೆ ಬಂತು.

ಕಾರಿಗೆ ಬಂದಿದ್ದು 1962ರಲ್ಲಿ. ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್ ಅನ್ನೋ ಪೆಟ್ರೋಲ್ ಕಾರಿಗೆ ವೇಸ್ಟ್‌ಗೇಟ್ ಇತ್ತು, ಜೊತೆಗೆ ನೀರು ಮತ್ತು ಮೆಥನಾಲ್ ಬೆರೆಸಿದ ದ್ರವದ ಒಂದು ಟ್ಯಾಂಕೂ ಇತ್ತು. ದ್ರವ ಖಾಲಿಯಾದ್ರೆ ಕಾರು ತಾನೇ ಒತ್ತಡ ತಗ್ಗಿಸಿ ಎಂಜಿನ್ ಉಳಿಸ್ಕೊಳ್ತಿತ್ತು. ಎಷ್ಟೋ ಮಾಲೀಕರು ದ್ರವ ತುಂಬಿಸೋದನ್ನೇ ಮರೆತು, ಕಾರು ಎಳೀತಿಲ್ಲ ಅಂತ ದೂರು ಕೊಟ್ರು. ಕೊನೆಗೆ ಕಂಪನಿಯೇ ಟರ್ಬೊ ಕಿತ್ತು ಸಾದಾ ಕಾರ್ಬುರೇಟರ್ ಹಾಕಿಕೊಟ್ಟಿತು. ಕಾಪಾಡೋ ವ್ಯವಸ್ಥೆಯನ್ನೇ ರೋಗ ಅಂದ್ಕೊಳ್ಳೋ ಚಾಳಿ ಚಿಕ್ಕಪ್ಪನ ಮೆಕ್ಯಾನಿಕ್‌ನಿಂದ ಶುರುವಾದದ್ದಲ್ಲ, ನೋಡಿ.

ನಂಗೆ ಉತ್ತರ ಸಿಕ್ಕಿದ್ದು 1978ರ ಮರ್ಸಿಡಿಸ್ 300 ಎಸ್‌ಡಿಯಲ್ಲಿ. ಮಾರಾಟಕ್ಕೆ ಬಂದ ಮೊದಲ ಟರ್ಬೊ ಡೀಸೆಲ್ ಪ್ಯಾಸೆಂಜರ್ ಕಾರು ಇದೇ. 1973ರ ತೈಲ ಬಿಕ್ಕಟ್ಟಿನ ನಂತರ ಅಮೆರಿಕ ಒಂದು ಕಾನೂನು ಮಾಡ್ತು: ಕಂಪನಿ ಮಾರೋ ಎಲ್ಲ ಕಾರುಗಳ ಮೈಲೇಜಿನ ಸರಾಸರಿ ಇಷ್ಟಿರಲೇಬೇಕು. ಆ ಲೆಕ್ಕ ಜಾರಿಗೆ ಬಂದಿದ್ದು 1978ರ ಮಾಡೆಲ್‌ಗಳಿಂದ. (ಸರಾಸರಿ ಅಂದ ತಕ್ಷಣ ನನ್ನ ಕಾಮರ್ಸ್ ಕಿವಿ ನೆಟ್ಟಗಾಯ್ತು.) ದೊಡ್ಡ ಕಾರು ಮಾರಬೇಕು, ಡೀಸೆಲ್ಲೂ ಕಡಿಮೆ ಕುಡೀಬೇಕು. ಟರ್ಬೊ ಇಲ್ಲದೆ 80 ಅಶ್ವಶಕ್ತಿಯ ಆಸುಪಾಸಿನಲ್ಲಿದ್ದ ಮೂರು ಲೀಟರಿನ ಐದು ಸಿಲಿಂಡರ್ ಎಂಜಿನ್ ಟರ್ಬೊದಿಂದ 110ಕ್ಕೆ ಹೋಯ್ತು. ಅದಕ್ಕಾಗಿ ಪಿಸ್ಟನ್ ತಣ್ಣಗಿಡೋಕೆ ಕೆಳಗಿಂದ ಆಯಿಲ್ ಚಿಮ್ಮಿಸೋ ಜೆಟ್, ಬಿಸಿ ತಡೆಯೋಕೆ ಸೋಡಿಯಂ ತುಂಬಿದ ವಾಲ್ವ್, ಎಲ್ಲ ಹೊಸದಾಗಿ ಕೊಟ್ರು. ಅಂದ್ರೆ ಕೋಡಿ ಎತ್ತರಿಸೋ ಮೊದಲು ಏರಿ ಗಟ್ಟಿ ಮಾಡಿದ್ರು.

ಈ ಕಾರುಗಳು ಹಳೇದಾದ ಮೇಲೆ ಒಂದು ಕಾಯಿಲೆ ಕಾಣಿಸ್ಕೊಳ್ತು: ಎಳೆತ ಇಲ್ಲ. ಡೀಸೆಲ್ ಎಂಜಿನ್ನಿಗೆ ಬರೀ ಗಾಳಿ ಜಾಸ್ತಿ ಕೊಟ್ರೆ ಶಕ್ತಿ ಬರಲ್ಲ, ಡೀಸೆಲ್ಲೂ ಅದಕ್ಕೆ ತಕ್ಕಂತೆ ಏರಬೇಕು. ಒತ್ತಡ ಏರಿದೆ, ಡೀಸೆಲ್ ಹೆಚ್ಚಿಸು ಅಂತ ಪಂಪಿಗೆ ತಿಳಿಸೋಕೆ ಈ ಕಾರಲ್ಲಿ ಒಂದು ತೆಳು ಪೈಪ್ ಇದೆ. ಪೈಪ್ ಶುರುವಾಗೋ ಕಡೆ ಇರೋ ತೂತಿನ ಬೋಲ್ಟ್ ಮಸಿ ಕಟ್ಟಿ ಮುಚ್ಚಿಹೋಗ್ತಿತ್ತು. ಟರ್ಬೊ ಸರಿಯಾಗೇ ತಿರುಗ್ತಿದೆ, ಪಂಪಿಗೆ ಸುದ್ದಿ ಮುಟ್ತಿಲ್ಲ, ಅಷ್ಟೇ. ಇಂಥ ಕಾರಿನಲ್ಲಿ ವೇಸ್ಟ್‌ಗೇಟ್ ಬಿಗಿ ಮಾಡಿ ಏನೂ ಪ್ರಯೋಜನ ಇಲ್ಲ. ಆ ಬೋಲ್ಟ್ ಬಿಚ್ಚಿ ಮಸಿ ತೆಗೆದ್ರೆ ಕಾರು ಮತ್ತೆ ಓಡುತ್ತೆ.

ಈಗಿನ ಬಹುತೇಕ ಡೀಸೆಲ್ ಕಾರುಗಳಲ್ಲಿ ಈ ಲೆಕ್ಕ ಕಂಪ್ಯೂಟರ್ ಕೈಯಲ್ಲಿದೆ. ನೀವು ರಾಡ್ ಮುಟ್ಟಿ ಒತ್ತಡ ಮಿತಿ ಮೀರಿದ್ರೆ ಅದೇ ಡೀಸೆಲ್ ಕಟ್ ಮಾಡಿಬಿಡುತ್ತೆ. ವೇರಿಯಬಲ್ ಟರ್ಬೊ ಬಂದ ಮೇಲಂತೂ ಹಲವು ಕಾರುಗಳಲ್ಲಿ ಈ ಗೇಟೇ ಇಲ್ಲ.

ಚಿಕ್ಕಪ್ಪನ ಕಾರು ಅದಕ್ಕಿಂತ ಹಳೇದು. ಎರಡನೇ ಮೆಕ್ಯಾನಿಕ್, ವಯಸ್ಸಾದವರು, ಸ್ಪ್ಯಾನರ್ ಮುಟ್ಟೋ ಮೊದಲು ಟರ್ಬೊದಿಂದ ಎಂಜಿನ್ನಿಗೆ ಹೋಗೋ ರಬ್ಬರ್ ಹೋಸ್ ಉದ್ದಕ್ಕೂ ಕೈ ಆಡಿಸಿದ್ರು. ಕ್ಲಾಂಪಿನ ಅಡಿಯಲ್ಲಿ ಸೀಳು ಬಿಟ್ಟಿತ್ತು. ಗಾಳಿ ಸೋರಿ ಹೋಗ್ತಿದ್ದದ್ದಕ್ಕೇ ಪಿಕಪ್ ಕಮ್ಮಿಯಾಗಿದ್ದು. ಸೋರಿದ್ದನ್ನ ತುಂಬಿಸೋಕೆ ನಿಮಿಷಕ್ಕೆ ಲಕ್ಷ ಸುತ್ತು ದಾಟೋ ಆ ಚಕ್ರ ಮೊದಲೇ ಮಿತಿ ಮೀರಿ ತಿರುಗ್ತಿತ್ತು, ಮೇಲಿಂದ ಕೋಡಿಗೂ ಮೂಟೆ ಪೇರಿಸಿದ್ವಿ. ಹೊಸ ಹೋಸಿಗೆ ಆದದ್ದು 650 ರೂಪಾಯಿ. ಆಮೇಲೆ ಅವರು ಗೇಜ್ ಇರೋ ಕೈಪಂಪಿನಿಂದ ಗಾಳಿ ಕೊಟ್ಟು, ಎಷ್ಟು ಒತ್ತಡಕ್ಕೆ ರಾಡ್ ಅಲುಗಾಡುತ್ತೆ ನೋಡಿ, ಅರ್ಧರ್ಧ ಸುತ್ತು ತಿರುಗಿಸಿ ಕಂಪನಿ ಅಳತೆಗೆ ಕೂರಿಸಿದ್ರು. ಲಾಕ್‌ನಟ್ ಬಿಗಿ ಮಾಡಿದ್ರು.

ಚಿಕ್ಕಪ್ಪ ಆ ನಟ್ಟಿನ ಮೇಲೆ ಹಳದಿ ಪೇಂಟಿನ ಒಂದು ಬೊಟ್ಟು ಇಟ್ಟಿದ್ದಾರೆ, ಯಾರಾದ್ರೂ ಮುಟ್ಟಿದ್ರೆ ಗೊತ್ತಾಗ್ಲಿ ಅಂತ. ಮೊನ್ನೆ ಊರಿಗೆ ಹೋದಾಗ ಬಾನೆಟ್ ಎತ್ತಿ ತೋರಿಸಿದ್ರು. ಮುಂದಿನ ವಾರ ಸಿಗೋಣ.