ಮಾರಾಟವಾಗದ ಸೈಟುಗಳ ಉದ್ಯಾನ

ಬಾರ್ಸಿಲೋನಾದ ಪಾರ್ಕ್ ಗ್ವೆಲ್ ತನ್ನ ಹೆಸರನ್ನು ತನ್ನ ಗೋಡೆಯ ಮೇಲೆಯೇ ಬರೆದುಕೊಂಡಿದೆ. ಬಣ್ಣದ ಟೈಲ್ಸ್ ಚೂರುಗಳನ್ನು ಕೂರಿಸಿದ ದುಂಡನೆಯ ಬಿಲ್ಲೆಗಳು; ಒಂದರಲ್ಲಿ ‘ಪಾರ್ಕ್’, ಇನ್ನೊಂದರಲ್ಲಿ ‘ಗ್ವೆಲ್’. ಲೆಸೆಪ್ಸ್ ಮೆಟ್ರೋ ನಿಲ್ದಾಣದಿಂದ ಇಪ್ಪತ್ತು ನಿಮಿಷ ಏರುದಾರಿ ಹತ್ತಿ ಬಂದ ನಾನು ಏದುಸಿರು ಬಿಡುತ್ತ ಆ ಬಿಲ್ಲೆಗಳ ಕೆಳಗೆ ನಿಂತೆ. ಉದ್ಯಾನಕ್ಕೆ ಕೆಟಲಾನ್ ಭಾಷೆಯಲ್ಲಿರುವ ಪದ ‘ಕೆ’ ಅಕ್ಷರದಿಂದ ಮುಗಿಯುವುದಿಲ್ಲ, ‘ಸಿ’ಯಿಂದ ಮುಗಿಯುತ್ತದೆ. ಗೋಡೆಯ ಮೇಲಿದ್ದದ್ದು ಇಂಗ್ಲಿಷಿನ ಕಾಗುಣಿತ. ಈ ಜಾಗದ ಚರಿತ್ರೆಯೆಲ್ಲ ಆ ಒಂದು ಅಕ್ಷರದಿಂದ ಶುರುವಾಗುತ್ತದೆ. ಇದನ್ನು ಕಟ್ಟಿಸಿದವರ ಮನಸ್ಸಿನಲ್ಲಿದ್ದದ್ದು ಊರಿನ ಉದ್ಯಾನವಲ್ಲ. ಇಂಗ್ಲೆಂಡಿನ ಉದ್ಯಾನನಗರಿಗಳ ಮಾದರಿಯ, ಅನುಕೂಲವಂತರ ಒಂದು ಬಡಾವಣೆ.

ಬೆಂಗಳೂರಿನ ಹಳೆಯ ಬಡಾವಣೆಗಳ ಬಗ್ಗೆ ಸಂಶೋಧನೆ ಮಾಡುತ್ತಿರುವ ನನಗೆ ಇದು ಮೊದಲೇ ಗೊತ್ತಿತ್ತು. ಆದರೆ ಓದಿ ತಿಳಿಯುವುದು ಬೇರೆ, ನಡೆದು ತಿಳಿಯುವುದು ಬೇರೆ.

ಎವುಸೇಬಿ ಗ್ವೆಲ್ ಬಾರ್ಸಿಲೋನಾದ ದೊಡ್ಡ ಉದ್ಯಮಿ. ಆತನ ತಂದೆ ಕ್ಯೂಬಾದಲ್ಲಿ ವ್ಯಾಪಾರ ಮಾಡಿ ಗಳಿಸಿದ ಹಣದಿಂದ ಊರಿಗೆ ಮರಳಿ ಉದ್ಯಮ ಕಟ್ಟಿದವನು. ಮಾವ ಅಂತೋನಿಯೊ ಲೋಪೆಸ್ ಹಡಗುಗಳ ಒಡೆಯ. ಗುಲಾಮರ ವ್ಯಾಪಾರದೊಂದಿಗೆ ಆತನಿಗಿದ್ದ ನಂಟಿನ ಕಾರಣಕ್ಕೆ ಬಾರ್ಸಿಲೋನಾದ ನಗರಾಡಳಿತ 2018ರಲ್ಲಿ ಆತನ ಪ್ರತಿಮೆಯನ್ನು ಪೀಠದಿಂದ ಕೆಳಗಿಳಿಸಿತು. ಹೊಳೆಯುವ ಟೈಲ್ಸ್ ನೋಡುವಾಗ ಈ ಹಿನ್ನೆಲೆಯೂ ನೆನಪಿನಲ್ಲಿರಬೇಕು. ‘ಬೋಳು ಬೆಟ್ಟ’ ಎಂದೇ ಹೆಸರಾಗಿದ್ದ ಈ ಗುಡ್ಡದ ಜಮೀನನ್ನು ಕೊಂಡ ಗ್ವೆಲ್, ಅದನ್ನು ಬಡಾವಣೆಯಾಗಿಸುವ ಕೆಲಸವನ್ನು ತನ್ನ ನೆಚ್ಚಿನ ವಾಸ್ತುಶಿಲ್ಪಿ ಅಂತೋನಿ ಗೌದಿಗೆ ಒಪ್ಪಿಸಿದ. 1900ರಲ್ಲಿ ಕೆಲಸ ಶುರುವಾಯಿತು.

ಯೋಜನೆಯಲ್ಲಿದ್ದದ್ದು ಸುಮಾರು 60 ಸೈಟುಗಳು. ಸುತ್ತ ಗೋಡೆ, ಬಾಗಿಲಲ್ಲಿ ಕಾವಲುಗಾರನ ಮನೆ. ಸೈಟು ಕೊಂಡವರು ಅದರ ಆರನೇ ಒಂದು ಭಾಗದಲ್ಲಿ ಮಾತ್ರ ಮನೆ ಕಟ್ಟಬಹುದು. ಅಕ್ಕಪಕ್ಕದವರ ಬಿಸಿಲಿಗಾಗಲಿ ಸಮುದ್ರದ ನೋಟಕ್ಕಾಗಲಿ ಅಡ್ಡ ಬರುವಂತಿಲ್ಲ. ನಮ್ಮ ಮಾತಿನಲ್ಲಿ ಹೇಳುವುದಾದರೆ ಇದು ಗೇಟೆಡ್ ಲೇಔಟ್.

ಇಷ್ಟು ತಿಳಿದು ಒಳಗೆ ಹೋದರೆ ಕಣ್ಣಿಗೆ ಬೀಳುವುದೆಲ್ಲ ಬೇರೆಯಾಗಿ ಕಾಣತೊಡಗುತ್ತದೆ. ಪ್ರವಾಸಿ ಪುಸ್ತಕಗಳು ಪಾರ್ಕ್ ಗ್ವೆಲ್ ಅನ್ನು ಕನಸಿನ ಲೋಕ, ಕಿನ್ನರ ಕಥೆ ಎಂದೆಲ್ಲ ವರ್ಣಿಸುತ್ತವೆ. ನಾನು ಕಂಡದ್ದು ಅಚ್ಚುಕಟ್ಟಾದ ಮೂಲಸೌಕರ್ಯ. ಮೆಟ್ಟಿಲುಗಳನ್ನು ಹತ್ತಿದರೆ ಸಿಗುವ 86 ಕಂಬಗಳ ತಂಪಾದ ಮಂಟಪವನ್ನು ಹಳೆಯ ಗ್ರೀಕ್ ದೇವಾಲಯದಂತೆ ರೂಪಿಸಿದ್ದಾರೆ, ನಿಜ. ಆದರೆ ಅದು ಬಡಾವಣೆಯ ಸಂತೆಕಟ್ಟೆ, ನಿವಾಸಿಗಳು ತರಕಾರಿ ಕೊಳ್ಳಲೆಂದು ಕಟ್ಟಿದ ಮಾರುಕಟ್ಟೆ. ಅದರ ಚಾವಣಿಯೇ ಮೇಲಿನ ವಿಶಾಲ ಬಯಲು. ಆ ಬಯಲಿಗೆ ಕಲ್ಲು ಹಾಸಿಲ್ಲ, ಮಣ್ಣಿನ ನೆಲ. ಬಿದ್ದ ಮಳೆ ಅದರಲ್ಲಿ ಇಂಗಿ, ಸೋಸಿ, ಕಂಬಗಳೊಳಗಿನ ಕೊಳವೆಗಳಲ್ಲಿ ಇಳಿದು, ಮಂಟಪದ ಕೆಳಗಿರುವ 1,200 ಘನ ಮೀಟರಿನ ತೊಟ್ಟಿಯನ್ನು ಸೇರುತ್ತದೆ. ತೊಟ್ಟಿ ತುಂಬಿ ಹೆಚ್ಚಾದ ನೀರು ಮೆಟ್ಟಿಲಿನ ಮೇಲೆ ಕೂತ ಬಣ್ಣದ ಹಲ್ಲಿಯ ಬಾಯಿಂದ ಹೊರಬರುತ್ತದೆ. ಎಲ್ಲರೂ ಸಾಲುಗಟ್ಟಿ ಫೋಟೋ ತೆಗೆಸಿಕೊಳ್ಳುವ ಆ ಹಲ್ಲಿ, ಅಸಲಿಗೆ, ಉಕ್ಕಿದ ನೀರಿಗೊಂದು ದಾರಿ. ನೀರಿಲ್ಲದ ಬೋಳು ಗುಡ್ಡದಲ್ಲಿ ಮನೆ ಕಟ್ಟಿಸುವವರಿಗೆ ಮೊದಲು ಬೇಕಾದದ್ದು ನೀರು. ಗೌದಿ ಅದನ್ನು ಅರಿತಿದ್ದ.

ರಸ್ತೆಗಳ ಕಥೆಯೂ ಹೀಗೆಯೇ. ಗುಡ್ಡವನ್ನು ಕಡಿದು ಸಮತಟ್ಟು ಮಾಡುವ ಬದಲು ಗೌದಿ ಅದರ ಏರಿಳಿತಕ್ಕೆ ತಕ್ಕಂತೆ ದಾರಿಗಳನ್ನು ಬಳಸಿ ತಂದ; ಬೇಕಾದ ಕಡೆ ಅವನ್ನು ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ. ಕಂಬಗಳಿಗೆ ಬಳಸಿದ್ದು ಅದೇ ಗುಡ್ಡದ ಒರಟು ಕಲ್ಲು. ಮಣ್ಣಿನ ಒತ್ತಡವನ್ನು ತಡೆಯಲು ಕೆಲವು ಕಂಬಗಳು ವಾಲಿ ನಿಂತಿವೆ, ಗಾಳಿಗೆ ಬಾಗಿದ ಮರಗಳ ಹಾಗೆ. ಅವುಗಳ ನಡುವೆ ನಡೆಯುವಾಗ ಕಲ್ಲು ಎಲ್ಲಿ ಮುಗಿಯಿತು, ಬೆಟ್ಟ ಎಲ್ಲಿ ಶುರುವಾಯಿತು ಎಂದು ಗುರುತಿಸುವುದು ಕಷ್ಟ.

ಮೇಲಿನ ಬಯಲಿನ ಅಂಚಿಗೆ ಹಾವಿನಂತೆ ಹರಿಯುವ ಕಲ್ಲುಬೆಂಚು ಸುಮಾರು 110 ಮೀಟರ್ ಉದ್ದವಿದೆ. ಅದರ ಮೈತುಂಬ ಟೈಲ್ಸ್, ಪಿಂಗಾಣಿಯ ಒಡೆದ ಚೂರುಗಳು. ಕೆಟಲಾನ್ ಭಾಷೆಯಲ್ಲಿ ಈ ಕೆಲಸಕ್ಕೆ ‘ಟ್ರೆಂಕಾದಿಸ್’ ಎನ್ನುತ್ತಾರೆ. ಒಡೆದದ್ದು ಎಂದೇ ಅರ್ಥ. ಬಿಸಿಲು ತಡೆಯಲು ನಮ್ಮ ತಾರಸಿಗಳ ಮೇಲೆ ಹಾಕಿಸುವ ಬಿಳಿ ಚೂರುಗಳ ನೆನಪಾಯಿತು. ಇಲ್ಲಿನ ಬಣ್ಣಗಳ ಹಿಂದೆ ಗೌದಿಯ ಜೊತೆಗಾರ ಜೋಸೆಪ್ ಮರಿಯಾ ಜುಜೊಲ್‌ನ ಕೈಯಿದೆ. ಅಲ್ಲಿ ಕೂತು ಊರನ್ನೂ ಆಚೆಗಿನ ಸಮುದ್ರವನ್ನೂ ನೋಡಿದರೆ ಗ್ವೆಲ್‌ನ ಲೆಕ್ಕಾಚಾರ ಅರ್ಥವಾಗುತ್ತದೆ. ಇಂಥ ನೋಟಕ್ಕೆ ಯಾರು ತಾನೇ ಹಣ ಕೊಡುವುದಿಲ್ಲ?

ಯಾರೂ ಕೊಡಲಿಲ್ಲ. ಗ್ವೆಲ್‌ನ ಸ್ನೇಹಿತನಾಗಿದ್ದ ವಕೀಲನೊಬ್ಬ ಸೈಟು ಕೊಂಡು ಮನೆ ಕಟ್ಟಿಸಿದ. ಕೊಳ್ಳುವವರಿಗೆ ತೋರಿಸಲೆಂದು ಗೌದಿಯ ಸಹಾಯಕ ಫ್ರಾನ್ಸೆಸ್ಕ್ ಬೆರೆಂಗೇರ್ ಒಂದು ಮಾದರಿ ಮನೆ ವಿನ್ಯಾಸ ಮಾಡಿದ. ಹೊಸದಾಗಿ ಎದ್ದ ಮನೆಗಳು ಇವೆರಡೇ. ಮಾದರಿ ಮನೆಯೂ ಬಿಕರಿಯಾಗದೆ, 1906ರಲ್ಲಿ ಗೌದಿಯೇ ಅದನ್ನು ಕೊಂಡು ತಂದೆ ಮತ್ತು ಸೋದರಿಯ ಮಗಳೊಡನೆ ಅಲ್ಲಿಗೆ ಬಂದ. ಅದೇ ವರ್ಷ ತಂದೆ ತೀರಿಕೊಂಡ. 1912ರಲ್ಲಿ ಆ ಹುಡುಗಿಯೂ ಹೋದಳು. ಊರಿನಿಂದ ದೂರ, ಸರಿಯಾದ ವಾಹನ ಸೌಕರ್ಯವಿಲ್ಲ, ಷರತ್ತುಗಳು ವಿಪರೀತ; ಕೊಳ್ಳುವವರು ಬರಲೇ ಇಲ್ಲ. 1914ರಲ್ಲಿ ಕೆಲಸ ನಿಂತಿತು. ಸಂತೆಕಟ್ಟೆಯಲ್ಲಿ ನಿವಾಸಿಗಳ ಸಂತೆ ನೆರೆಯಲೇ ಇಲ್ಲ.

ಗ್ವೆಲ್ 1918ರಲ್ಲಿ ತೀರಿಕೊಂಡ. ವಾರಸುದಾರರಿಂದ ನಗರಾಡಳಿತ 1922ರಲ್ಲಿ ಈ ಜಾಗವನ್ನು ಕೊಂಡಿತು. 1926ರಲ್ಲಿ ಅದು ಸಾರ್ವಜನಿಕ ಉದ್ಯಾನವಾಯಿತು. ಅದೇ ವರ್ಷ ಜೂನ್‌ನಲ್ಲಿ ಟ್ರಾಮ್ ಬಡಿದು ಗೌದಿ ಸತ್ತ. ಜಮೀನಿನ ಜೊತೆಗೇ ಬಂದಿದ್ದ ಹಳೆಯ ಬಂಗಲೆಯಲ್ಲಿ ಗ್ವೆಲ್ ತನ್ನ ಕೊನೆಯ ವರ್ಷಗಳನ್ನು ಕಳೆದಿದ್ದ. ಅದು ಮುಂದೆ ಸರ್ಕಾರಿ ಶಾಲೆಯಾಯಿತು, ಇಂದಿಗೂ ಶಾಲೆಯಾಗಿದೆ. ಆ 60 ಸೈಟುಗಳು ಮಾರಾಟವಾಗಿದ್ದರೆ ಈ ಬೆಂಚಿನ ಮೇಲೆ ನಾನಂತೂ ಕೂರುತ್ತಿರಲಿಲ್ಲ. ನಗರಗಳ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಗೆದ್ದ ಯೋಜನೆಗಳ ಬೆನ್ನು ಹತ್ತುತ್ತೇವೆ. ಇಲ್ಲಿ ಊರಿಗೆ ಒಳ್ಳೆಯದಾದದ್ದು ಒಂದು ಯೋಜನೆಯ ಸೋಲಿನಿಂದ.

ಕಥೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. 1984ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಜನ ಎಷ್ಟು ಹೆಚ್ಚಿದರೆಂದರೆ 2013ರಿಂದ ಸ್ಮಾರಕಗಳಿರುವ ಭಾಗಕ್ಕೆ ಟಿಕೆಟ್ ಬಂತು. ಪಕ್ಕದ ಬೀದಿಗಳಲ್ಲಿ ಓಡಾಡುವ 116ನೇ ನಂಬರಿನ ಪುಟ್ಟ ಬಸ್ಸಿನಲ್ಲಿ ಅಲ್ಲಿನ ಮುದುಕರಿಗೇ ಸೀಟು ಸಿಗದಂತಾಗಿ, 2024ರಲ್ಲಿ ಆ ಬಸ್ಸನ್ನು ಗೂಗಲ್ ಮ್ಯಾಪಿನಿಂದಲೇ ತೆಗೆಸಬೇಕಾಯಿತು. ಸುತ್ತಲಿನ ನಿವಾಸಿಗಳು ಹೆಸರು ನೋಂದಾಯಿಸಿದರೆ ಹಣ ಕೊಡದೆ ಒಳಗೆ ಬರಬಹುದು. ತಮ್ಮೂರಿನ ಉದ್ಯಾನಕ್ಕೆ ಹೋಗಲು ಗುರುತು ತೋರಿಸುವುದು ಹೇಗಿರುತ್ತದೋ! ಟಿಕೆಟ್ ಇಲ್ಲದಿದ್ದರೆ ಆ ಮಣ್ಣಿನ ಬಯಲು, ಆ ಬೆಂಚು ಸವೆದು ಹೋಗುತ್ತವೆ ಎಂಬ ಮಾತನ್ನೂ ತಳ್ಳಿಹಾಕುವಂತಿಲ್ಲ. ಒಡೆಯ ಬದಲಾದ, ಕಾರಣ ಬದಲಾಯಿತು. ಆದರೆ ಬಾಗಿಲಲ್ಲಿ ಮತ್ತೆ ಕಾವಲುಗಾರ ನಿಂತಿದ್ದಾನೆ.

ಹೊರಡುವ ಹೊತ್ತಿಗೆ ಸಂಜೆಯಾಗಿತ್ತು. ಕೈಯಲ್ಲಿ ತರಕಾರಿ ಚೀಲ ಹಿಡಿದ ಅಜ್ಜಿಯೊಬ್ಬರು ಬಾಗಿಲಲ್ಲಿ ಕಾರ್ಡು ತೋರಿಸಿ ಒಳಗೆ ಬಂದರು. ಫೋಟೋ ತೆಗೆಯುವವರ ಗುಂಪನ್ನು ಬಳಸಿಕೊಂಡು, ಹಲ್ಲಿಯ ಕಡೆ ತಿರುಗಿಯೂ ನೋಡದೆ ಮೆಟ್ಟಿಲು ಹತ್ತಿ, ಮಂಟಪದ ನೆರಳಿನಲ್ಲಿ ಚೀಲ ಕೆಳಗಿಟ್ಟು ಸುಧಾರಿಸಿಕೊಂಡರು. ಸಂತೆಕಟ್ಟೆಗೆ ಕೊನೆಗೂ ಒಂದು ಚೀಲ ತರಕಾರಿ ಬಂದಿತ್ತು.